ದಕ್ಷಿಣಕ್ಕೆ ತಲೆಯಿಟ್ಟ ಲೇತು

ಆಗುವುದಿಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಎರಡು ಸಲ ಹೇಳಿದರು, ಎರಡು ಬೇರೆ ಬೇರೆ ವಿಷಯಕ್ಕೆ. ಕಾಲೇಜಿನ ಬೆಂಚಿನಲ್ಲಿ ಕೂರದವನಿಗೆ ಡಿಗ್ರಿ ಸಿಗುವುದಿಲ್ಲ ಎಂದದ್ದು ಮೊದಲ ಸಲ. ಅದಾಗಿ ಆರು ವರ್ಷ ಕಳೆದ ಮೇಲೆ, ಸಂಸಾರದ ಮನೆಯಲ್ಲಿ ಕಬ್ಬಿಣ ಕಡೆಯುವ ಲೇತು ತಿರುಗುವುದಿಲ್ಲ ಎಂದರು. ಹೇಳುವಾಗ ಅವರಿಗೆ ಸಿಟ್ಟು ಇರಲಿಲ್ಲ. ಮಳೆ ಬರುವುದಿಲ್ಲ ಎಂದು ಆಕಾಶ ನೋಡಿ ಹೇಳುವವರ ಹಾಗೆ ಹೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ನಮ್ಮದು ಅಳಿಯಸಂತಾನದ ಕುಟುಂಬ. ಮನೆ ತಾಯಿಯ ಕಡೆಯದ್ದು, ಯಜಮಾನಿಕೆ ಮಾವನದ್ದು. ಅವರ ಹೆಂಡತಿ ಮಕ್ಕಳು ವಿಟ್ಲದ ಕಡೆ ತಮ್ಮ ಮನೆಯಲ್ಲಿದ್ದರು. ಅಪ್ಪ ಬಂಟ್ವಾಳದಲ್ಲಿ ನೇತ್ರಾವತಿಯ ಸರಕಿನ ದೋಣಿಗಳಲ್ಲಿ ದುಡಿಯುತ್ತಿದ್ದವರು. ನಾನು ಏಳನೇ ಕ್ಲಾಸಿನಲ್ಲಿರುವಾಗ ತೀರಿಹೋದರು. ಹಾಗಾಗಿ ಬೆಳ್ತಂಗಡಿ ತಾಲೂಕಿನ ಆ ಮನೆಯಲ್ಲಿ ಇದ್ದದ್ದು ಮೂರೇ ಜನ: ಮಾವ, ಅಮ್ಮ, ನಾನು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಾವ ಬೇಸಾಯ ಬಿಟ್ಟು, ಕೋಣಗಳನ್ನು ಮಾರಿ, ಜಗಲಿಯಲ್ಲಿ ಕೂರುವ ಪ್ರಾಯಕ್ಕೆ ಬಂದಿದ್ದರು. ಮಾತು ಕಡಿಮೆ ಇರುವ ಮನೆ. ಇದ್ದ ಮಾತೂ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕುಟುಂಬದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ನನಗಿಂತ ಹಿಂದಿನವರಲ್ಲಿ ಸಹಿ ಹಾಕಲು ಬರುತ್ತಿದ್ದವರೇ ಇಬ್ಬರು.

ಎಸ್ಸೆಸ್ಸೆಲ್ಸಿ ಆದ ಮೇಲೆ ಓದಿಸುವ ಶಕ್ತಿ ಯಾರಿಗೂ ಇರಲಿಲ್ಲ. ಬಂಟ್ವಾಳದ ಒಂದು ಬಸ್ ಕಂಪೆನಿಯ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬೋಲ್ಟು, ಬೇರಿಂಗು, ಟೈರು ಕೇಳಿದವರಿಗೆ ಕೊಡುವುದು, ಪುಸ್ತಕದಲ್ಲಿ ಬರೆಯುವುದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಸಂಜೆ ಕತ್ತಲಾಗುವಾಗ ಮನೆ. ನನ್ನ ಜತೆ ಓದಿದವರಲ್ಲಿ ಮೂರು ಜನ ಬೊಂಬಾಯಿಗೆ ಹೋಗಿ ಹೋಟೆಲು ಸೇರಿದ್ದರು. ಒಬ್ಬ ಮುಂಡಾಜೆಯಲ್ಲಿ ಮಾಸ್ತರನಾಗಿದ್ದ. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು.

ಇಂಜಿನಿಯರುಗಳ ಒಂದು ಸಂಸ್ಥೆ ಉಂಟು, ಕೆಲಸದಲ್ಲಿ ಇದ್ದುಕೊಂಡೇ ಅದರ ಪರೀಕ್ಷೆ ಬರೆಯಬಹುದು, ಎಲ್ಲ ಪೇಪರು ಪಾಸಾದರೆ ಡಿಗ್ರಿಗೆ ಸಮ ಎಂದು ಸರಕಾರವೇ ಒಪ್ಪುತ್ತದೆ. ಇದು ನನಗೆ ಗೊತ್ತಾದದ್ದು ಬಿಡಿಭಾಗ ಸುತ್ತಿಕೊಂಡು ಬಂದ ಒಂದು ಹಳೆಯ ಇಂಗ್ಲಿಷ್ ಪೇಪರಿನಿಂದ. ಕಾಗದ ಬರೆದೆ. ಉತ್ತರ ಬಂತು. ‘ಡಿಯರ್ ಸರ್’ ಎಂದು ನನ್ನನ್ನು ಕರೆದ ಮೊದಲ ಮನುಷ್ಯ ಆ ಸಂಸ್ಥೆಯ ಯಾರೋ ಗುಮಾಸ್ತ. ಆ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರಲ್ಲಿ ಶುಲ್ಕದ ವಿವರ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಆರು ವರ್ಷ ಹಿಡಿಯಿತು. ಕನ್ನಡದಲ್ಲಿ ಕಲಿತವನು ಇಂಗ್ಲಿಷಿನಲ್ಲಿ ಬಲವಿಜ್ಞಾನ ಓದುವುದೆಂದರೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ನಿಘಂಟು. ಕೇಳಿ ತಿಳಿಯುವ ಎಂದರೆ ಹತ್ತು ಮೈಲಿ ಸುತ್ತಿನಲ್ಲಿ ಯಾರೂ ಇಲ್ಲ. ಪರೀಕ್ಷೆಗೆ ಚಾರ್ಮಾಡಿ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು. ಪರೀಕ್ಷೆಯ ಕೋಣೆಯಲ್ಲಿ ಅಕ್ಕಪಕ್ಕ ಕೂತವರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು, ನಾನು ಪೆನ್ನಿಗೆ ಶಾಯಿ ತುಂಬಿಸುತ್ತ ಕೂತಿರುತ್ತಿದ್ದೆ. ಎರಡು ಪೇಪರಿನಲ್ಲಿ ಎರಡೆರಡು ಸಲ ಫೇಲಾದೆ. ಕೊನೆಗೆ ಎಲ್ಲ ಪಾಸಾದೆ ಎಂಬ ಕಾಗದ ಬಂದ ದಿನ ಅಮ್ಮನಿಗೆ ಹೇಳಿದೆ. ಅವಳು ಬೀಡಿಯ ಎಲೆ ಕತ್ತರಿಸುವುದನ್ನು ನಿಲ್ಲಿಸಿ, “ಹಾಗಾದರೆ ಮುಗಿಯಿತಾ ಮಗಾ?” ಎಂದು ಕೇಳಿದಳು.

ಮುಗಿದಿರಲಿಲ್ಲ. ಸರ್ಟಿಫಿಕೇಟು ಸಿಗಬೇಕಾದರೆ ಯಂತ್ರದ ಮೇಲೆ ಸ್ವಂತ ಕೈಯಿಂದ ಕೆಲಸ ಮಾಡಿದ್ದೇನೆ ಎಂದು ಅದೇ ಸಂಸ್ಥೆಯ ಸದಸ್ಯರಾದ ಒಬ್ಬ ಇಂಜಿನಿಯರು ಬರೆದು ಕೊಡಬೇಕಿತ್ತು. ನಾನು ಮಾಡಿದ್ದು ಸ್ಟೋರಿನ ಕೆಲಸ. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಲೇತು ಇತ್ತು. ಅದು ಮೇಸ್ತ್ರಿಯದ್ದು. ಕಂಪೆನಿಯದ್ದಾದರೂ ಅವರದ್ದೇ. ಅವರ ಮನೆತನವೇ ಕಬ್ಬಿಣದ ಕೆಲಸದ್ದು; ಅಜ್ಜನ ಕಾಲದಿಂದ ಕುಲುಮೆ. ಒಂದು ದಿನ ಊಟದ ಹೊತ್ತಿನಲ್ಲಿ ನಾನು ಅದರ ಹಿಡಿಕೆ ಮುಟ್ಟಿದ್ದಕ್ಕೆ ಎಲ್ಲರ ಎದುರು, “ಇಂಜಿನಿಯರ್ರೇ, ಅದು ಪುಸ್ತಕ ಅಲ್ಲ, ಬೆರಳು ಹೋದ್ರೆ ಮತ್ತೆ ಪುಟ ತಿರುಗಿಸ್ಲಿಕ್ಕೆ ಆಗ್ಲಿಕ್ಕಿಲ್ಲ” ಎಂದರು. ಎಲ್ಲರೂ ನಕ್ಕರು. ಓದಿದವರ ಲೆಕ್ಕದಲ್ಲಿ ನಾನು ಸ್ಟೋರಿನವನು, ಕಬ್ಬಿಣದವರ ಲೆಕ್ಕದಲ್ಲಿ ಪುಸ್ತಕದವನು. ಎರಡೂ ಕಡೆ ಬಾಗಿಲ ಹೊರಗೆ.

ಬೆಳ್ತಂಗಡಿಯಲ್ಲಿ ಸರಕಾರಿ ರಸ್ತೆ ಕೆಲಸ ನೋಡುತ್ತಿದ್ದ ಒಬ್ಬ ಇಂಜಿನಿಯರು ಆ ಸಂಸ್ಥೆಯ ಸದಸ್ಯರು ಎಂದು ವಿಚಾರಿಸಿ ತಿಳಿದುಕೊಂಡು ಹೋದೆ. ಘಟ್ಟದ ಮೇಲಿನವರು. ಫಾರಂ ಓದಿ ಮೇಜಿನ ಮೇಲಿಟ್ಟು, ಬೋಲ್ಟು ಎಣಿಸುವುದನ್ನು ಯಂತ್ರದ ಕೆಲಸ ಎಂದು ಬರೆಯಲು ಬರುವುದಿಲ್ಲ ಎಂದರು. ಆಮೇಲೆ ಫಾರಂ ಹಿಂದೆ ಕೊಡುತ್ತ ಒಂದು ಮಾತು ಹೇಳಿದರು.

“ಆರು ಇಂಚು ಉದ್ದ, ಒಂದೂವರೆ ಇಂಚು ದಪ್ಪದ ಒಂದು ಸಲಾಕೆ. ಲೇತಿನ ಚಕ್ಕಿನಲ್ಲಿ ಒಂದು ತುದಿ ಮಾತ್ರ ಹಿಡಿದು, ಇನ್ನೊಂದು ತುದಿಗೆ ಆಧಾರ ಕೊಡದೆ, ನೀವೇ ಕಡೆದು ತನ್ನಿ. ಆ ತುದಿ ಈ ತುದಿ ಒಂದೇ ದಪ್ಪ ಇರ್ಬೇಕು. ಅಳತೆ ನೋಡ್ತೀನಿ, ನಿಮ್ಮನೇಲಿ ಯಂತ್ರ ಇದ್ರೆ ಬಂದು ಅದನ್ನೂ ನೋಡ್ತೀನಿ. ಆಮೇಲೆ ಸಹಿ. ಮುಂದಿನ ದಸರಾವರೆಗೆ ಇಲ್ಲಿರ್ತೀನಿ, ಅಷ್ಟೆ.”

ಆಗ ನನಗೆ ಬುದ್ಧಿ ಹೇಳುವವರಿದ್ದರೆ ಮಂಗಳೂರಿನಲ್ಲಿ ಯಾವುದಾದರೂ ವರ್ಕ್‌ಶಾಪು ಹಿಡಿ ಎನ್ನುತ್ತಿದ್ದರೋ ಏನೋ. ಹೇಳುವವರು ಇರಲಿಲ್ಲ. ನಾನು ಲೇತನ್ನೇ ಕೊಳ್ಳುವ ಎಂದು ತೀರ್ಮಾನಿಸಿದೆ.

ಸಿಕ್ಕಿದ್ದು ಮೂಡಬಿದಿರೆಯಲ್ಲಿ. ಹಿಂದೆ ಬಸ್ಸು ಓಡಿಸುತ್ತಿದ್ದ ಒಬ್ಬ ಧನಿಗಳ ಶೆಡ್ಡಿನಲ್ಲಿ ಗೋಣಿ ಹೊದಿಸಿ ಇಟ್ಟಿದ್ದರು. ಕರೆಂಟಿನದ್ದಲ್ಲ, ಹೊಲಿಗೆ ಮೆಷಿನಿನ ಹಾಗೆ ಕಾಲಿನಿಂದ ತುಳಿದು ನಡೆಸುವುದು. ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲವಾದ್ದರಿಂದ ನನಗೆ ಬೇಕಾದದ್ದೂ ಅದೇ. ಎರಡು ಜೋಡಿ ಎರಕದ ಕಾಲು, ಅದರ ಮೇಲೆ ಮೂರೂವರೆ ಅಡಿ ಉದ್ದದ ಕಬ್ಬಿಣದ ಹಾಸು, ಅದೇ ಬೆಡ್ಡು, ಎಡತುದಿಯಲ್ಲಿ ಸಲಾಕೆಯನ್ನು ಕಚ್ಚಿ ಹಿಡಿದು ತಿರುಗುವ ಚಕ್ಕು, ಕೆಳಗೆ ಗಾಣದ ಕಲ್ಲಿನಷ್ಟು ಭಾರದ ಚಕ್ರ. ಬೆಡ್ಡಿನ ಕೆಳಗೆ ಕೋಳಿ ಕಾವು ಕೂತಿತ್ತು. ಧನಿಗಳು ಅದನ್ನು ನೋಡಿ, “ಮರಿ ಆಗುವವರೆಗೆ ಕಾಯ್ತೀಯಾ, ಅಥವಾ ಕೋಳಿಯನ್ನೂ ಸೇರಿಸಿ ಕೊಂಡುಹೋಗ್ತೀಯಾ?” ಎಂದರು. ನಾನು ಹದಿನೈದು ದಿನ ಕಾದೆ. ಅಷ್ಟರಲ್ಲಿ ಮೂರು ಭಾನುವಾರ ಮೂಡಬಿದಿರೆಗೆ ಹೋಗಿ, ಕೋಳಿಗೆ ಉಪದ್ರ ಆಗದ ಹಾಗೆ ಮೇಲಿನ ಭಾಗಗಳ ತುಕ್ಕು ಉಜ್ಜಿ, ಒಂದೊಂದಾಗಿ ಬಿಚ್ಚಿ ಗುರುತು ಹಾಕಿದೆ.

ಮಾವನಿಗೆ ಹೇಳಿದಾಗಲೇ ಅವರು ಆ ಎರಡನೆಯ ಮಾತು ಹೇಳಿದ್ದು. ಬೇಡ ಎನ್ನಲಿಲ್ಲ, ಆಗುವುದಿಲ್ಲ ಎಂದರು. ಹಟ್ಟಿ ಖಾಲಿ ಉಂಟಲ್ಲ ಎಂದೆ. ಕೋಣಗಳನ್ನು ಕಟ್ಟುತ್ತಿದ್ದ ಆ ಕೊಟ್ಟಿಗೆಯಲ್ಲಿ, ಅವನ್ನು ಮಾರಿದ ಮೇಲೆ, ಸೌದೆ ಮಾತ್ರ ಇತ್ತು. ಅವರು ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿಗೆ.

ಹಂಚಿನ ಲಾರಿಯೊಂದು ಲೇತನ್ನು ರಸ್ತೆ ಬದಿಯ ಗೋಳಿಮರದ ಬುಡದಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಒಂದು ಮೈಲಿ, ನಡುವೆ ಸಣ್ಣ ಹಳ್ಳದಂಥ ತೋಡು, ತೋಡು ದಾಟಲು ತಾಳೆಮರದ ಸಂಕ. ಊರಿನ ದೊಡ್ಡ ಜಮೀನಿನ ಗುತ್ತು ಮನೆಯ ಕೆಲಸಕ್ಕೆ ಹೋಗುವ ಎಂಟು ಜನರನ್ನು ಕರೆದೆ. ಬೆಡ್ಡಿಗೆ ಹಗ್ಗ ಬಿಗಿದು, ಬಿದಿರಿಗೆ ನೇತುಹಾಕಿ ಹೊತ್ತರು. ಸಂಕ ತಡೆಯಲಿಕ್ಕಿಲ್ಲ ಎಂದು ನೀರಿಗೇ ಇಳಿದರು. ತೋಡಿನಾಚೆ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, “ಯಾರು ಮಾರಾಯ ಹೋದದ್ದು?” ಎಂದು ಕೇಳಿದಳು.

“ಹೆಣ ಆಗಿದ್ರೆ ಇಷ್ಟು ಭಾರ ಇರ್ತಿರ್ಲಿಲ್ಲ,” ಎಂದ ಮುಂದಿನ ಬಿದಿರು ಹೊತ್ತವನು. “ಇದು ಓದಿದವರ ಗಂಟು.”

ಇಡುವ ಜಾಗವನ್ನು ನಾನು ಮೊದಲೇ ನಿಶ್ಚಯಿಸಿದ್ದೆ. ಹಟ್ಟಿ ಉತ್ತರ-ದಕ್ಷಿಣವಾಗಿ ಉದ್ದ. ಪೂರ್ವದ ಬದಿ ಮೊಣಕಾಲೆತ್ತರದ ಗೋಡೆ, ಮೇಲೆ ಪೂರಾ ತೆರೆದದ್ದು, ಬೆಳಕೆಲ್ಲ ಅಲ್ಲಿಂದ. ಚಕ್ಕು ಇರುವ ಭಾರದ ತುದಿ ಉತ್ತರಕ್ಕೆ ಬಂದರೆ ಕೆಲಸ ಮಾಡುವವನ ಮುಖ ಪೂರ್ವಕ್ಕೆ, ಬೆಳಕಿಗೆ. ಉತ್ತರದ ನೆಲ ಗಟ್ಟಿ ಮುರಕಲ್ಲು. ಎಲ್ಲ ಸರಿ. ಬೆಡ್ಡನ್ನು ಕಾಲುಗಳ ಮೇಲೆ ಕೂರಿಸಲು ಆಳುಗಳು ಎತ್ತಿ ಹಿಡಿದಿದ್ದರು. ಅಷ್ಟರಲ್ಲಿ ಮಾವ ಜಗಲಿಯಿಂದ ಇಳಿದು ಬಂದರು. ಉದ್ದಕ್ಕೆ ನೋಡಿದರು.

“ಇದರ ತಲೆ ಯಾವುದು?”

ನಾನು ಚಕ್ಕಿನ ಬದಿ ತೋರಿಸಿದೆ. ಬೇರೆ ಏನು ತೋರಿಸುವುದು? ಯಾರು ನೋಡಿದರೂ ಅದೇ ತಲೆ.

“ಉತ್ತರಕ್ಕೆ ತಲೆ ಹಾಕಿ ಈ ಮನೆಯಲ್ಲಿ ಒಂದು ಮಗುವನ್ನೂ ಮಲಗಿಸಲಿಲ್ಲ. ತಿರುಗಿಸಿ.”

ಮೆಷಿನಿಗೆ ದಿಕ್ಕು ಎಂತ ಎಂದು ನಾನು ಕೇಳಬಹುದಿತ್ತು. ಎಂಟು ಜನ ಭಾರ ಹಿಡಿದು ಬೆವರುತ್ತಿದ್ದರು. ಅಮ್ಮ ಅಂಗಳದ ಬದಿಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಎಂಟು ಜನರೂ ಮಾವನ ಮಾತಿಗೆ ತಲೆ ಆಡಿಸುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅಳುಕು ಬಂದಿತ್ತು. ಡಿಗ್ರಿಯ ಪೇಪರುಗಳನ್ನು ಪಾಸಾದವನು ನಾನು, ಆದರೂ ಒಂದು ದಿನ ಸಹ ಉತ್ತರಕ್ಕೆ ತಲೆ ಹಾಕಿ ಮಲಗಿದವನಲ್ಲ. ತಿರುಗಿಸಿದೆವು. ಭಾರದ ತುದಿ ದಕ್ಷಿಣಕ್ಕೆ ಬಂತು. ಹಟ್ಟಿಯ ಗಂಜಲವೆಲ್ಲ ಹರಿದು ಸೇರುತ್ತಿದ್ದ ಗುಂಡಿ ಇದ್ದದ್ದು ಅದೇ ಆಗ್ನೇಯ ಮೂಲೆಯಲ್ಲಿ. ಹಿಂದೆಯೇ ಅದಕ್ಕೆ ಮಣ್ಣು ತುಂಬಿಸಿ ಆಗಿತ್ತು. ಮೇಲಿನಿಂದ ಹಾರೆಯಲ್ಲಿ ಕುಟ್ಟಿ ನೋಡಿದೆ, ಬೇಸಗೆಯ ನೆಲ, ಕಲ್ಲಿನ ಹಾಗೆ ಶಬ್ದ ಬಂತು. ಹಾಸುಗಲ್ಲು ಇಟ್ಟು, ಊರಿನ ಗಾರೆ ಕೆಲಸದವರ ಗುಳ್ಳೆಯ ರಸಮಟ್ಟ ತಂದು ಸಮ ಮಾಡಿ, ಬೋಲ್ಟು ಬಿಗಿದೆ.

ಈಗ ನನ್ನ ಮುಖ ಪಶ್ಚಿಮದ ಗೋಡೆಗೆ, ಬೆಳಕು ಬೆನ್ನಿಗೆ. ಕೆಲಸದ ಮೇಲೆ ನನ್ನದೇ ನೆರಳು. ಎರಡು ವಾರ ಕಷ್ಟಪಟ್ಟು, ಕೊನೆಗೆ ಮಾಡಿನ ಒಂದು ಹಂಚು ತೆಗೆದು ಗಾಜಿನ ಹಂಚು ಹಾಕಿದೆ. ನಮ್ಮ ಹಂಚು ಒಂದು ಕಾರ್ಖಾನೆಯದ್ದು, ಗಾಜಿನದ್ದು ಇನ್ನೊಂದರ ಅಳತೆಯದ್ದು. ಅಂಚು ಸರಿಯಾಗಿ ಕೂರಲಿಲ್ಲ. ಬೇಸಗೆಯಲ್ಲವೇ, ಆಮೇಲೆ ನೋಡುವ ಎಂದು ಬಿಟ್ಟೆ.

ಕಲಿತದ್ದು ಒಬ್ಬನೇ. ಭಾನುವಾರ ಇಡೀ ದಿನ, ಉಳಿದ ದಿನ ಬೆಳಿಗ್ಗೆ ಬಸ್ಸಿಗೆ ಮೊದಲು ಒಂದು ಗಂಟೆ. ಬಲಗಾಲು ತುಳಿಯುತ್ತ, ಎರಡು ಕೈ ಹಿಡಿಕೆಗಳ ಮೇಲೆ, ಕಣ್ಣು ಕಬ್ಬಿಣ ಹೆರೆಯುವ ಟೂಲಿನ ಮೊನೆಯ ಮೇಲೆ. ಮೊದಮೊದಲು ಕಬ್ಬಿಣ ಪುಡಿಪುಡಿಯಾಗಿ ಸಿಡಿಯುತ್ತಿತ್ತು. ಟೂಲನ್ನು ಸಾಣೆ ಹಿಡಿಯುವ ಕೋನ ಪುಸ್ತಕದಲ್ಲಿ ಇತ್ತು, ಕೈಗೆ ಬಂದಿರಲಿಲ್ಲ. ಒಂದು ಬೆಳಿಗ್ಗೆ, ಯಾಕೆಂದು ಗೊತ್ತಿಲ್ಲ, ಟೂಲಿನಿಂದ ಒಂದು ಮೊಳ ಉದ್ದದ ಸುರುಳಿ ತುಂಡಾಗದೆ ಇಳಿದು ಬಂತು, ನೀಲಿ ಬಣ್ಣ, ಮುಟ್ಟಲಾರದಷ್ಟು ಬಿಸಿ. ಕಾಲು ನಿಲ್ಲಿಸಿ ಸುತ್ತ ನೋಡಿದೆ. ತೋರಿಸುವ ಎಂದರೆ ಯಾರಿಗೆ? ಅಮ್ಮ ಬೀಡಿಯ ಕಟ್ಟು ಹೊತ್ತು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿದ್ದಳು. ಮಾವನನ್ನು ಕರೆಯುವ ಧೈರ್ಯ ಇರಲಿಲ್ಲ. ಅದು ತಣ್ಣಗಾಗುವವರೆಗೆ ನೋಡುತ್ತಿದ್ದು, ಡಬ್ಬಿಗೆ ಹಾಕಿ, ಬಸ್ಸಿಗೆ ಹೊರಟೆ.

ಆ ದಿನಗಳಲ್ಲಿ ಅಳತೆಗಳನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ಬಂತು. ‘ಇನ್ನು ಅರ್ಧ ನೂಲು’, ‘ಸಾಕು, ಸಾಕು’ ಹೀಗೆ. ಹಟ್ಟಿಯಲ್ಲಿ ಒಂದು ಮನುಷ್ಯಸ್ವರ ಇರಲಿ ಎಂದು ಹೇಳುತ್ತಿದ್ದೆನೋ ಏನೋ. ವರ್ಕ್‌ಶಾಪಿನಲ್ಲಿ ಯಾರಿಗೂ ಲೇತಿನ ವಿಷಯ ಹೇಳಿರಲಿಲ್ಲ. ಮೇಸ್ತ್ರಿ ಒಮ್ಮೆ ನನ್ನ ಬೆರಳಿನ ಸುಟ್ಟ ಗಾಯ ನೋಡಿ, ಮತ್ತೆ ತಮ್ಮ ಲೇತಿಗೆ ತಿರುಗಿದರು.

ಬೇಸಗೆಯ ಕೊನೆಗೆ ನನ್ನ ಸಲಾಕೆಗಳು ದಪ್ಪ ನೋಡುವ ಕ್ಯಾಲಿಪರಿಗೆ ಎರಡೂ ತುದಿಯಲ್ಲಿ ಒಂದೇ ಹಿಡಿತ ಕೊಡುತ್ತಿದ್ದವು. ಆಗಲೇ ಒಂದನ್ನು ಕೊಂಡುಹೋಗಿ ತೋರಿಸಬೇಕಿತ್ತು. ಮೈ ಇನ್ನೂ ನುಣುಪಾಗಲಿ, ಕನ್ನಡಿಯ ಹಾಗೆ ಆಗಲಿ ಎಂದು ನಾನು ತಡಮಾಡಿದೆ. ಅದು ಅಹಂಕಾರವೇ. ಮಳೆ ಹಿಡಿದು ತಿಂಗಳಾದ ಮೇಲೆ ಒಂದನ್ನು ಕಡೆದು, ಎಣ್ಣೆ ಹಚ್ಚಿ, ಬಾಳೆಯೆಲೆಯಲ್ಲಿ ಸುತ್ತಿ ಬೆಳ್ತಂಗಡಿಗೆ ಕೊಂಡುಹೋದೆ. ಇಂಜಿನಿಯರು ಪೆಟ್ಟಿಗೆಯಿಂದ ಮೈಕ್ರೊಮೀಟರು ತೆಗೆದು ಒಂದು ತುದಿ ಅಳೆದರು, ಇನ್ನೊಂದು ತುದಿ ಅಳೆದರು, ಮತ್ತೆ ಮೊದಲಿನ ತುದಿ. ಆಮೇಲೆ ಅದೇ ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟರು.

“ಇಂಚಿನ ಸಾವಿರದಲ್ಲಿ ಆರು ಭಾಗ ವ್ಯತ್ಯಾಸ. ಒಂದಿದ್ರೆ ಬಿಡ್ತಿದ್ದೆ. ನೋಡೋಕೆ ಚೆನ್ನಾಗಿದೆ,” ಎಂದರು.

ಬಸ್ಸಿನಲ್ಲಿ ಹಿಂದೆ ಬರುವಾಗ ಆ ಕೊನೆಯ ಮಾತೇ ಹೆಚ್ಚು ಚುಚ್ಚಿತು.

ಮತ್ತೆ ಕಡೆದೆ. ಚಕ್ಕಿನ ಬದಿ ದಪ್ಪ, ಹೊರತುದಿ ಸಣ್ಣ. ಇನ್ನೊಂದು ಕಡೆದೆ, ಅದೂ ಹಾಗೆ. ಇದು ನನ್ನನ್ನು ತಬ್ಬಿಬ್ಬು ಮಾಡಿತು. ಸಲಾಕೆ ಬಾಗಿ ಟೂಲಿನಿಂದ ತಪ್ಪಿಸಿಕೊಂಡರೆ ಹೊರತುದಿ ದಪ್ಪವಾಗಬೇಕು, ಇದು ಉಲ್ಟಾ. ಚಕ್ಕು ಬಿಚ್ಚಿ ತೊಳೆದೆ. ಬೇರಿಂಗು ಬಿಚ್ಚಿ, ತಗಡಿನ ತುಂಡು ಇಟ್ಟು ಬಿಗಿ ಮಾಡಿದೆ. ಟೂಲನ್ನು ಮೂರು ತರಹ ಸಾಣೆ ಹಿಡಿದೆ. ವಾರ ಹೋದ ಹಾಗೆ ವ್ಯತ್ಯಾಸ ಹೆಚ್ಚುತ್ತಲೇ ಹೋಯಿತು. ಆಷಾಢದ ಆಟಿ ತಿಂಗಳು, ಹೊರಗೆ ಬಿಡದೆ ಮಳೆ. ನನ್ನ ಕೈಯೇ ಕೆಟ್ಟದೇನೋ, ಇದು ಬೇರೆಯವರ ಕುಲದ ಕೆಲಸ, ಇದಕ್ಕೆ ಕೈ ಹಾಕಬಾರದಿತ್ತೇನೋ ಎಂದು ಕಾಣಲು ಶುರುವಾಯಿತು. ಮೇಸ್ತ್ರಿಯ ಹತ್ತಿರ ಕೇಳುವ ಎಂದು ಒಂದು ದಿನ ಲೇತಿನ ಬಳಿ ಹೋಗಿ ನಿಂತೆ. ಅವರು ತಲೆ ಎತ್ತಿ, ಬೋಲ್ಟು ತಂದಿದ್ದೇನೆಯೇ ಎಂದು ಕೇಳಿದರು. ಇಲ್ಲ ಎಂದು ಹೇಳಿ ಹಿಂದೆ ಬಂದೆ.

ಒಂದು ಭಾನುವಾರ ತುಳಿಯುವುದನ್ನು ಬಿಟ್ಟು, ಲೇತಿನ ಎದುರು ಸೌದೆಯ ತುಂಡಿನ ಮೇಲೆ ಸುಮ್ಮನೆ ಕೂತಿದ್ದೆ. ಗಾಜಿನ ಹಂಚಿನ ಅಂಚಿನಿಂದ ನೀರು ಸೋರುತ್ತಿತ್ತು. ಗಾಳಿ ಬಂದ ಹಾಗೆ ಹನಿ ಒಮ್ಮೆ ಬೆಡ್ಡಿನ ಈ ತುದಿಗೆ, ಒಮ್ಮೆ ಆ ತುದಿಗೆ ಬೀಳುತ್ತಿತ್ತು. ಎಣ್ಣೆ ಹಚ್ಚಿದ ಬೆಡ್ಡು, ನೀರು ಅಂಟದೆ ಉರುಳುತ್ತಿತ್ತು. ಬಲತುದಿಯಲ್ಲಿ ಬಿದ್ದ ಹನಿ ಬಿದ್ದಲ್ಲೇ ಗುಂಡಾಗಿ ಕೂತಿತು. ಚಕ್ಕಿನ ಹತ್ತಿರ ಬಿದ್ದದ್ದು ನನ್ನ ಕಡೆಗೆ ಜಾರಿ ಇಳಿಯಿತು. ಸುಮಾರು ಹೊತ್ತು ನೋಡಿದೆ. ಪ್ರತಿ ಸಲವೂ ಹಾಗೆಯೇ.

ಎದ್ದು ಕೊಡೆ ಹಿಡಿದು ಓಡಿ, ಆ ಗಾರೆ ಕೆಲಸದವರ ರಸಮಟ್ಟ ಮತ್ತೆ ತಂದು ಬೆಡ್ಡಿಗೆ ಅಡ್ಡ ಇಟ್ಟೆ. ಬಲತುದಿಯಲ್ಲಿ ಗುಳ್ಳೆ ಸರಿ ನಡುವೆ. ಚಕ್ಕಿನ ಬದಿಯಲ್ಲಿ ಗುಳ್ಳೆ ಗೋಡೆಯ ಕಡೆಗೆ ಹೋಗಿ ನಿಂತಿತು. ಆಗ್ನೇಯದ ಒಂದು ಕಾಲು ತಗ್ಗಿತ್ತು. ಭಾರ ಎಲ್ಲ ಆ ಬದಿಗೆ, ಕೆಳಗೆ ಹಳೆಯ ಗಂಜಲದ ಗುಂಡಿ, ಮೇಲೆ ಎರಡು ತಿಂಗಳ ಮಳೆ. ಬಟ್ಟೆ ಹಿಂಡುವ ಹಾಗೆ ಬೆಡ್ಡು ತಿರುಚಿಕೊಂಡಿತ್ತು. ನನ್ನ ಕೈಯಲ್ಲಿ ತಪ್ಪಿರಲಿಲ್ಲ. ನನಗೆ ಅಳು ಬಂತು. ಅದನ್ನು ಬರೆಯಲು ನಾಚಿಕೆ ಇಲ್ಲ.

ಮಾವನ ಹತ್ತಿರ ಹೋಗಿ, ತಲೆಯನ್ನು ಉತ್ತರಕ್ಕೆ ತಿರುಗಿಸಬೇಕು, ಆ ಮೂಲೆಯ ನೆಲ ತಡೆಯುವುದಿಲ್ಲ ಎಂದೆ. ಅವರು ಆಗದು ಎಂದರು. ದಸರೆಯೊಳಗೆ ಆಗದಿದ್ದರೆ ಇಂಜಿನಿಯರು ಹೋಗುತ್ತಾರೆ, ಆರು ವರ್ಷದ ಓದು ನೀರಿಗೆ ಬೀಳುತ್ತದೆ ಎಂದೆ. ಅದಕ್ಕೂ ಆಗದು. ಅಂದು ನನ್ನ ಬಟ್ಟಲಿಗೆ ಗಂಜಿ ಬಡಿಸುವಾಗ ಅಮ್ಮ, “ಗುಂಡಿಯನ್ನೇ ತೆಗೆದು ಕಟ್ಟಲಿಕ್ಕೆ ಆಗುವುದಿಲ್ಲವಾ?” ಎಂದು ಮೆಲ್ಲನೆ ಕೇಳಿದಳು.

ಆಗುತ್ತಿತ್ತು. ನನಗೆ ಹೊಳೆದಿರಲಿಲ್ಲ, ಸಿಟ್ಟಿನಲ್ಲಿ ದಿಕ್ಕಿನ ಮೇಲೆಯೇ ನಿಂತುಬಿಟ್ಟಿದ್ದೆ. ಕಂಪೆನಿಯಿಂದ ಒಂದು ವಾರ ರಜೆ ಹಾಕಿದೆ. ಲೇತಿನ ಭಾರದ ತುದಿಯನ್ನು ಹಾರೆಯಿಂದ ಎತ್ತಿ ಮರದ ಬೆಣೆ ಕೊಟ್ಟು ನಿಲ್ಲಿಸಿ, ಮೂಲೆಯನ್ನು ಅಗೆಯಲು ಹಿಡಿದೆ. ಕಪ್ಪು ಕೆಸರು, ಹಳೆಯ ಸೊಪ್ಪು, ನಾತ. ಎರಡು ದಿನ ಅಗೆದೆ. ಸೊಂಟದವರೆಗೆ ಇಳಿದರೂ ಗಟ್ಟಿ ನೆಲ ಸಿಗಲಿಲ್ಲ. ಮಾವ ಜಗಲಿಯಿಂದ ನೋಡುತ್ತಿದ್ದರು.

ಮೂರನೆಯ ಬೆಳಿಗ್ಗೆ ಅವರು ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು.

“ನೀನು ಅಗೆಯುವಲ್ಲಿ ಕಲ್ಲು ಇಲ್ಲ. ಅದು ಎರಡು ಗೇಣು ಈ ಕಡೆ. ಈ ಗುಂಡಿ ತೆಗೆದವನು ನಾನೇ, ಹದಿನೆಂಟು ವರ್ಷದವ ಇದ್ದಾಗ,” ಎಂದರು. “ಪಿಕ್ಕಾಸು ಕೊಡು.”

ಹೆಗಲ ಮೇಲಿನ ಬೈರಾಸನ್ನು ತಲೆಗೆ ಸುತ್ತಿ, ನನ್ನ ಕೈಯಿಂದ ಪಿಕ್ಕಾಸು ತೆಗೆದುಕೊಂಡು ಇಳಿದರು. ಅರ್ಧ ಗಂಟೆಯಲ್ಲಿ ಕಲ್ಲಿನ ಮೇಲೆ ಪಿಕ್ಕಾಸು ಬಡಿದ ಶಬ್ದ ಕೇಳಿತು. ಆಮೇಲೆ ಮೂರು ದಿನ ನಾವಿಬ್ಬರೂ ಕೆಂಪು ಕಲ್ಲು ಕೆತ್ತಿ, ಸಿಮೆಂಟು ಕೊಟ್ಟು, ಕೆಳಗಿನಿಂದ ಮೇಲೆ ಕಂಬ ಕಟ್ಟಿದೆವು. ಲೇತಿನ ಬಗ್ಗೆ ಒಂದು ಮಾತಿಲ್ಲ. ‘ಕಲ್ಲು’, ‘ನೀರು’, ‘ಇನ್ನೊಂದು’ ಇಷ್ಟೇ. ನನ್ನ ಜೀವಮಾನದಲ್ಲಿ ಮಾವನ ಜತೆ ಅಷ್ಟು ಹೊತ್ತು ಕಳೆದದ್ದು ಅದೊಂದೇ ಸಲ. ಕೆಲಸ ಮುಗಿದ ಮೇಲೆ ಅವರು ಕೈಕಾಲು ತೊಳೆದು ಜಗಲಿಗೆ ಹೋದರು, ನಾನು ಹಟ್ಟಿಯಲ್ಲಿ ಉಳಿದೆ. ಮತ್ತೆ ಮೊದಲಿನ ಹಾಗೆ.

ಸಿಮೆಂಟು ಒಣಗಲು ಮೂರು ವಾರ ಬಿಟ್ಟೆ. ಲೇತಿನ ತಲೆ ದಕ್ಷಿಣಕ್ಕೇ ಇತ್ತು. ಗುಳ್ಳೆ ಎರಡೂ ತುದಿಯಲ್ಲಿ ನಡುವೆ ನಿಂತಿತು. ಇನ್ನೊಂದು ಸಲಾಕೆ ಕಡೆದೆ. ಈ ಸಲ ಹೊಳಪಿನ ಗೋಜಿಗೆ ಹೋಗಲಿಲ್ಲ, ಟೂಲಿನ ಗೆರೆ ಕಾಣುವ ಹಾಗೆಯೇ ಬಿಟ್ಟು ಮರುದಿನವೇ ಬೆಳ್ತಂಗಡಿಗೆ ಹೋದೆ. 

ನವರಾತ್ರಿಗೆ ಎರಡು ದಿನ ಇತ್ತು. ಇಂಜಿನಿಯರು ಸಾಮಾನು ಕಟ್ಟಿಸುತ್ತಿದ್ದರು, ಮೈಕ್ರೊಮೀಟರು ಪೆಟ್ಟಿಗೆಯ ತಳ ಸೇರಿತ್ತು. ನನಗಾಗಿ ಎಲ್ಲ ಹೊರಗೆ ತೆಗೆಸಿದರು. ಮೂರು ಕಡೆ ಅಳೆದರು. ನನ್ನನ್ನು ತಮ್ಮ ಜೀಪು ಹತ್ತಿಸಿದರು. ಗೋಳಿಮರದಿಂದ ನಡೆದೇ ಬಂದು ಹಟ್ಟಿ ನೋಡಿ, ಲೇತು ತುಳಿಸಿ ನೋಡಿ, ಯಾಕೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೀರಿ ಎಂದು ಕೇಳಿದರು. ಮಾವ ಅಲ್ಲಿಯೇ ನಿಂತಿದ್ದರು. ಜಾಗಕ್ಕೆ ಹಾಗೆಯೇ ಅನುಕೂಲ ಎಂದೆ. ಅವರು ಲೇತಿನ ಬೆಡ್ಡಿನ ಮೇಲೆಯೇ ಫಾರಂ ಇಟ್ಟು ಸಹಿ ಹಾಕಿದರು. ಸಲಾಕೆಯನ್ನು ತಾವೇ ಇಟ್ಟುಕೊಂಡರು.

ಫಾರಂ ಕಳಿಸಿ ಐದು ತಿಂಗಳು ಏನೂ ಇಲ್ಲ. ಮಾರ್ಚಿನಲ್ಲಿ, ನಮ್ಮ ಸುಗ್ಗಿ ತಿಂಗಳ ಒಂದು ಶನಿವಾರ, ನನಗೆ ಅರ್ಧ ದಿನ ರಜೆ, ಪೋಸ್ಟುಮೇನ್ ಅಂಗಳಕ್ಕೆ ಬಂದ. ರಟ್ಟಿನ ಉದ್ದ ಕೊಳವೆ, ರಿಜಿಸ್ಟರ್ಡು. ಮಾವ ಕೈ ಚಾಚಿದರು. ಯಜಮಾನರ ಸಹಿ ಆಗುವುದಿಲ್ಲ, ಹೆಸರಿದ್ದವರದ್ದೇ ಬೇಕು ಎಂದು ಅವನು ನನ್ನ ಕಡೆ ತಿರುಗಿದ. ನಾನು ಸಹಿ ಹಾಕಿದೆ, ಅವನು ಕೊಳವೆಯನ್ನು ನನ್ನ ಕೈಗೆ ಕೊಟ್ಟ. ಒಳಗಿನಿಂದ ಸುರುಳಿ ತೆಗೆದೆ. ದಪ್ಪ ಕಾಗದ, ಕೆಂಪು ಮೊಹರು, ಇಂಗ್ಲಿಷಿನಲ್ಲಿ ನನ್ನ ಹೆಸರು. ಅಮ್ಮ ಕೈಯಲ್ಲಿದ್ದ ಬೀಡಿಯ ಎಲೆ ಕೆಳಗಿಡದೆ ಬಂದು ನೋಡಿದಳು.

ನಾನು ಅದನ್ನು ಮಾವನಿಗೆ ಕೊಟ್ಟೆ. ಅವರು ಬೈರಾಸಿನಲ್ಲಿ ಕೈ ಒರೆಸಿಕೊಂಡು ಎರಡೂ ಅಂಚು ಹಿಡಿದರು. ನಿನ್ನ ಹೆಸರು ಯಾವುದು ಎಂದು ಕೇಳಿದರು, ತೋರಿಸಿದೆ. ಅದರ ಕೆಳಗೆ ಹೆಬ್ಬೆರಳನ್ನು ಕಾಗದಕ್ಕೆ ತಾಗದ ಹಾಗೆ ಇಟ್ಟುಕೊಂಡು ಸುಮಾರು ಹೊತ್ತು ನಿಂತರು. ಆಮೇಲೆ ಸುರುಳಿ ಸುತ್ತಿ, ಕೊಳವೆಗೆ ಹಾಕಿ, ಮುಚ್ಚಳ ಒತ್ತಿ, ನನ್ನ ಕೈಗೆ ಹಿಂದೆ ಕೊಟ್ಟರು.

“ಇದನ್ನು ಈ ಮನೆಯಲ್ಲಿ ಇಡಬೇಡ ಮಗಾ. ಗೋಡೆ ತುಂಬ ಗೆದ್ದಲು ಉಂಟು,” ಎಂದರು. “ಎಲ್ಲಿಗೆ ಹೋಗ್ತೀಯೋ, ನಿನ್ನ ಜತೆಯೇ ಕೊಂಡುಹೋಗು.”